ಕಾರು ಬಿಡುವ ಮಾತು

2006ರ ಚಳಿಗಾಲ. ಆಗ ನಾನು ಗುರ್‌ಗಾಂವ್‌ನ ಒಂದು ಖಾಸಗಿ ರೇಸಿಂಗ್ ತಂಡದಲ್ಲಿ ಹಿರಿಯ ಟೆಕ್ನೀಷಿಯನ್ ಆಗಿದ್ದೆ. ಹಾಗೆಂದರೆ ಏನು ಕೆಲಸ ಎಂದು ಕೇಳುವವರಿಗೆ ಇವತ್ತಿಗೂ ನೆಟ್ಟಗೆ ಹೇಳಲು ಬಂದಿಲ್ಲ. ದಿಲ್ಲಿಯ ರೋಹಿಣಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು ನಾನೊಂದು ಸರ್ವಿಸ್ ಸ್ಟೇಷನ್ ನಡೆಸುತ್ತೇನೆಂದು ನಂಬಿ, ಭಾನುವಾರ ಬೆಳಿಗ್ಗೆ ತಮ್ಮ ಕಾರಿನ ಬಾನೆಟ್ ಎತ್ತಿಟ್ಟು ನನ್ನನ್ನು ಕೂಗುತ್ತಿದ್ದರು. ರೇಸಿಂಗ್ ಎಂದರೆ ಜನರ ಕಣ್ಣಿಗೆ ಕಟ್ಟುವುದು ಗೆದ್ದವನು ಶಾಂಪೇನ್ ಚಿಮ್ಮಿಸುವ ಚಿತ್ರ. ಆ ಚಿತ್ರದ ಅಂಚಿನಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡು ನಿಂತವರನ್ನು ಫೋಟೋ ಹಾಕುವಾಗ ಕತ್ತರಿಸಿಬಿಡುತ್ತಾರೆ. ನಾನು ಮೂವತ್ತು ವರ್ಷ ಆ ಕತ್ತರಿಸಿದ ಭಾಗದಲ್ಲೇ ದುಡಿದವನು. ಬೇಸರವಿಲ್ಲ. ಆದರೆ ಒಂದು ಘಟನೆ ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ.

ನಮ್ಮಲ್ಲಿದ್ದದ್ದು ಹೊರದೇಶದಿಂದ ಹಳೆಯದಾಗಿ ಬಂದ, ಎರಡು ಸೀಟಿನ ಒಂದು ಸ್ಪೋರ್ಟ್ಸ್ ಕಾರು. ದಿಲ್ಲಿಯಲ್ಲಿ ಆಗ ಸರಿಯಾದ ರೇಸ್ ಟ್ರ್ಯಾಕ್ ಇರಲಿಲ್ಲ. ಕಾರನ್ನು ಗುರ್‌ಗಾಂವ್‌ನಲ್ಲಿ ಸಿದ್ಧಪಡಿಸಿ, ಲಾರಿಗೆ ಏರಿಸಿ, ದಕ್ಷಿಣದ ಟ್ರ್ಯಾಕ್‌ಗಳಿಗೆ ಒಯ್ಯುತ್ತಿದ್ದೆವು. ಆ ಸಲ ನಮ್ಮ ಕಣ್ಣು ಇದ್ದದ್ದು ಒಂದು ದೀರ್ಘ ಓಟದ ಮೇಲೆ. ಇಂಥ ಓಟದಲ್ಲಿ ಕಾರು ನಡುನಡುವೆ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ನಮ್ಮ ಜಾಗಕ್ಕೆ ಬರುತ್ತದೆ. ನಾಲ್ಕೂ ಚಕ್ರ ಬಿಚ್ಚಿ ಹೊಸವು ಹಾಕಿ ಕಳಿಸಬೇಕು. ಓಟ ಗೆಲ್ಲುವುದು ಅಥವಾ ಸೋಲುವುದು ಎಷ್ಟೋ ಸಲ ಅಲ್ಲೇ. ಹಾಗಾಗಿ ಎಂಜಿನ್‌ಗಿಂತ ಹೆಚ್ಚಾಗಿ ನಾವು ನಮ್ಮ ಕೈಗಳನ್ನು ಪಳಗಿಸುತ್ತಿದ್ದೆವು.

ಆ ಕೈಗಳಲ್ಲಿ ಮೊದಲನೆಯದು ಬಸಣ್ಣನದು. ಬಸವರಾಜ ಎಂದು ಹೆಸರು. ಊರು ಬೈಲಹೊಂಗಲದ ಹತ್ತಿರ. ಸೇನೆಯಲ್ಲಿ ವಾಹನ ರಿಪೇರಿ ಮಾಡಿ, ನಿವೃತ್ತಿಯಾದ ಮೇಲೆ ದಿಲ್ಲಿಯಲ್ಲೇ ಉಳಿದು ನಮ್ಮ ತಂಡಕ್ಕೆ ಬಂದಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಪಿಟ್‌ನಲ್ಲಿ ಎಡಬದಿಯ ಹಿಂದಿನ ಚಕ್ರ ಅವರದು, ಜೊತೆಗೆ ಕಾರಿನ ಪೂರ್ತಿ ಜವಾಬ್ದಾರಿಯೂ ಅವರದೇ. ಎಲ್ಲರ ಕೆಲಸ ಮುಗಿಯಿತೆಂದು ಕಣ್ಣಲ್ಲೇ ನೋಡಿ, ಎದ್ದು ನಿಂತು, ಕಾರಿನ ಛಾವಣಿಯ ಮೇಲೆ ಅಂಗೈಯಿಂದ ಎರಡು ಸಲ ಬಡಿಯುತ್ತಿದ್ದರು. ಆ ಬಡಿತ ಕೇಳಿದರೆ ಡ್ರೈವರ್ ಹೊರಡಬಹುದು. ನಾನು ಬಂದಾಗಿನಿಂದ ನಮ್ಮ ಕಾರು ಹೊರಟದ್ದು ಹಾಗೆಯೇ.

ನಾನು ಮೈಸೂರು ಕಡೆಯವನು. ನಮ್ಮ ತಂದೆ ಕೇಂದ್ರ ಸರ್ಕಾರದ ಗುಮಾಸ್ತರಾಗಿ ದಿಲ್ಲಿಗೆ ಬಂದವರು. ನನ್ನ ಕನ್ನಡವನ್ನು ಆಡಿಕೊಳ್ಳುವುದು ಬಸಣ್ಣನಿಗೆ ದಿನನಿತ್ಯದ ಚಹಾದಷ್ಟೇ ಅಗತ್ಯವಾಗಿತ್ತು. ‘ಮೈಸೂರು ಸಾಹೇಬ್ರ’ ಎಂದೇ ಕರೆಯುತ್ತಿದ್ದರು. ನಾನು ಬೆಳಿಗ್ಗೆ ‘ಹೇಗಿದ್ದೀರಿ ಬಸಣ್ಣ?’ ಎಂದರೆ ‘ಚಲೋ ಅದೀನ್ರಿ’ ಎನ್ನುವುದು, ಅಂಗಡಿಯ ಭಯ್ಯಾ ತಂದ ಚಹಾ ಕುಡಿದು ‘ಚಲೋ ಐತಿ’ ಎನ್ನುವುದು, ಇದಿಷ್ಟು ಆದಮೇಲೆ ನಮ್ಮ ದಿನ ಶುರು. ಕೆಲಸದಲ್ಲಿ ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ಅವರ ಬಾಯಿಂದ ‘ಚಲೋ’ ಅನ್ನಿಸಿಕೊಂಡ ನಟ್ಟನ್ನು ಮತ್ತೆ ಯಾರೂ ಮುಟ್ಟಿ ನೋಡುತ್ತಿರಲಿಲ್ಲ.

ಮೂರನೆಯವನು ಸಮರ್ಥ, ನಮ್ಮ ಡ್ರೈವರ್. ಅವನ ತಂದೆ ಒಂದು ಸಚಿವಾಲಯದಲ್ಲಿ ಅಧಿಕಾರಿ. ತಾಯಿ ವತ್ಸಲಾ ಹಾಸನದವರು. ಹುಡುಗ ಹುಟ್ಟಿ ಬೆಳೆದದ್ದೆಲ್ಲ ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ. ಕಾಲೇಜು ಮುಗಿಸಿ ಸಿವಿಲ್ ಸರ್ವಿಸ್ ಪರೀಕ್ಷೆಗೆ ಕೂರುತ್ತಾನೆಂದು ಮನೆಯವರು ಕಾಯುತ್ತಿದ್ದಾಗ ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಕಾರು ಓಡಿಸಿ ಗೆಲ್ಲುತ್ತ ನಮ್ಮ ತಂಡ ಸೇರಿದ್ದ. ನಾನು ಮಾತಾಡುವ ಕನ್ನಡ ಅವನಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹೆಚ್ಚಾಗಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ. ಬಸಣ್ಣನ ಮಾತು ಅರ್ಧಕ್ಕರ್ಧ ತಲೆಯ ಮೇಲೆ ಹಾದುಹೋಗುತ್ತಿತ್ತು. ಆದರೂ ಬಸಣ್ಣನಿಗೆ ಅವನೆಂದರೆ ಪ್ರಾಣ. ಕಾರನ್ನು ಹಿಂಸಿಸದೆ ಓಡಿಸುವ ಕಾಲು ಅವನದು ಎನ್ನುತ್ತಿದ್ದರು.

ಆ ವರ್ಷ ತಂಡಕ್ಕೆ ರೇಡಿಯೋ ಬಂತು. ಎರಡೇ ಹೆಡ್‌ಸೆಟ್. ಒಂದು ಡ್ರೈವರ್‌ನ ಹೆಲ್ಮೆಟ್ ಒಳಗೆ, ಇನ್ನೊಂದು ಬಸಣ್ಣನ ತಲೆಗೆ. ಗುಂಡಿ ಒತ್ತುವ ಗೋಜಿಲ್ಲ, ಮಾತಾಡಿದರೆ ಸಾಕು, ಮೈಕ್ ತಾನೇ ತೆರೆದುಕೊಳ್ಳುತ್ತಿತ್ತು. ಇನ್ನು ಮೇಲೆ ಛಾವಣಿ ಬಡಿಯುವ ಹಳೇಕಾಲದ ಪದ್ಧತಿ ಬೇಡ ಎಂದರು ಮ್ಯಾನೇಜರ್ ಸೇಠಿ. ಒಳ್ಳೆಯ ಮನುಷ್ಯ, ಹೊಸ ಸಾಮಾನು ಬಂದರೆ ಮಾತ್ರ ಮಕ್ಕಳಂತೆ ಆಡುತ್ತಿದ್ದರು. ಆದರೆ ಕಾರು ಬಿಡಲು ಏನು ಹೇಳಬೇಕು ಎಂದು ಯಾರೂ ಗೊತ್ತುಮಾಡಲಿಲ್ಲ. ಬಸಣ್ಣ ‘ಗೋ’ ಎನ್ನುತ್ತಿದ್ದರು. ಸೇಠಿ ಹೆಡ್‌ಸೆಟ್ ಹಾಕಿಕೊಂಡ ದಿನ ‘ಚಲೋ, ಚಲೋ’ ಎನ್ನುತ್ತಿದ್ದರು. ದಿಲ್ಲಿಯಲ್ಲಿ ಬಸ್ಸು ಬಿಡುವುದೂ ಆ ಮಾತಿನಿಂದಲೇ, ಮಕ್ಕಳನ್ನು ಸ್ಕೂಲಿಗೆ ಎಬ್ಬಿಸುವುದೂ ಅದರಿಂದಲೇ. ಅದರಲ್ಲಿ ಗೊತ್ತುಮಾಡುವುದೇನಿದೆ ಎಂದು ಎಲ್ಲರಿಗೂ ಅನ್ನಿಸಿರಬೇಕು.

ಅಭ್ಯಾಸಕ್ಕೆ ನಮಗೆ ಸಿಕ್ಕಿದ್ದು ಗ್ರೇಟರ್ ನೋಯ್ಡಾದ ಆಚೆಯ ಒಂದು ಖಾಲಿ ಸೆಕ್ಟರ್. ಮನೆಗಳು ಬರುವ ಮೊದಲೇ ರಸ್ತೆ ಬಂದಿತ್ತು. ಅಗಲವಾದ ಡಾಂಬರು, ನಡುವೆ ದೀಪದ ಕಂಬ, ಎರಡೂ ಕಡೆ ಸಾಸಿವೆ ಹೊಲ. ಅನುಮತಿ ಪಡೆದು, ಒಂದು ತುದಿಗೆ ಸುಣ್ಣದಲ್ಲಿ ಪಿಟ್‌ನ ಗೆರೆ ಎಳೆದಿದ್ದೆವು. ಆ ದಿನ ಮಂಜು ಕರಗಲು ಬಹಳ ಹೊತ್ತು ಹಿಡಿಯಿತು. ಕಾಯುತ್ತ ಕೂರುವುದು ನನಗಾಗದ ಕೆಲಸ. ಕೈಗೆ ಏನಾದರೂ ಬೇಕಲ್ಲ ಎಂದು ಬಸಣ್ಣ, ನಾನು ಸೇರಿ ಎಡಬದಿಯ ಹಿಂದಿನ ಚಕ್ರದ ಬ್ರೇಕ್ ಪೈಪ್ ಬದಲಾಯಿಸಿದೆವು. ಹಳೆಯದು ಸ್ವಲ್ಪ ಸವೆದಿತ್ತು. ಹೊಸದು ಕೂದಲೆಳೆಯಷ್ಟು ಉದ್ದವಾಗಿ, ಚಕ್ರಕ್ಕೆ ತಾಗೀತೇನೋ ಎಂದು ನನಗೆ ಒಳಗೊಳಗೇ ಅನುಮಾನವಿತ್ತು.

ಬಿಸಿಲು ಬಂದ ಮೇಲೆ ಶುರುಮಾಡಿದೆವು. ಮೊದಲ ಕೆಲವು ಸುತ್ತು ಸೇಠಿಯೇ ಹೆಡ್‌ಸೆಟ್ ಹಾಕಿಕೊಂಡು ‘ಚಲೋ’ ಎಂದು ಕಾರು ಬಿಟ್ಟರು. ಆಮೇಲೆ ಅದನ್ನು ಬಸಣ್ಣನಿಗೆ ಕೊಟ್ಟು ಸ್ಟಾಪ್‌ವಾಚ್ ಹಿಡಿದು ದೂರ ಹೋದರು. ಕಾರು ಬಂತು. ಏರ್ ಜ್ಯಾಕ್ ಮೇಲೆ ಎದ್ದಿತು, ಚಕ್ರ ಬಿಚ್ಚಿ ಹಾಕಿದ್ದಾಯಿತು, ಕೆಳಗಿಳಿಯಿತು. ಸಮರ್ಥ ಎಂಜಿನ್ ಹಚ್ಚಿ, ಮೊದಲ ಗೇರಿಗೆ ಹಾಕಿ, ಕ್ಲಚ್ ಒತ್ತಿಹಿಡಿದು ಕಾದ. ಇನ್ನು ಬಸಣ್ಣ ಎದ್ದು ನಿಲ್ಲಬೇಕು. ಅವರು ಏಳಲಿಲ್ಲ. ಪೈಪ್ ನೋಡಲೆಂದು ಒಂದು ಕಾಲನ್ನು ಚಕ್ರದ ಮುಂದೆ ಚಾಚಿ, ತಲೆ ಬಗ್ಗಿಸಿದರು. ಅವರಿಗೂ ನನ್ನದೇ ಅನುಮಾನವಿತ್ತು. ನಾನು ಆಚೆ ಬದಿಯಿಂದ ಕಾರಿನ ಬೆನ್ನಿನ ಮೇಲೆ ಬಗ್ಗಿ ಕೇಳಿದೆ:

“ಪೈಪ್ ಹೇಗಿದೆ ಬಸಣ್ಣ?”

ಅವರು ಉತ್ತರ ಕೊಟ್ಟರು. ಕಾರು ಚಿಮ್ಮಿತು.

ಹಿಂದಿನ ಚಕ್ರ ಅವರ ಕಾಲಿನ ಮೇಲೆ, ಮೊಣಕಾಲು ಸೇರಿಸಿ, ಹತ್ತಿ ಇಳಿಯಿತು. ‘ಯವ್ವಾ’ ಎಂದು ಒಂದೇ ಸಲ ಅಂದರು. ಸಮರ್ಥ ತಕ್ಷಣ ಬ್ರೇಕ್ ಹಾಕಿ, ಹೆಲ್ಮೆಟ್ಟನ್ನೂ ತೆಗೆಯದೆ ಓಡಿ ಬಂದ. ಬೇರೆಯವರು ಜಾಕೆಟ್ ಕಳಚಿ ಕಾಲಿಗೆ ಸುತ್ತುತ್ತಿದ್ದರೆ ಇವನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ನಾನು ಆಂಬುಲೆನ್ಸ್‌ಗೆ ಕಾಯಲಿಲ್ಲ. ನಮ್ಮ ವ್ಯಾನಿನಲ್ಲೇ ಮಲಗಿಸಿ ದಿಲ್ಲಿಯ ಆಸ್ಪತ್ರೆಗೆ ಒಯ್ದೆವು. ಸೇಠಿ ದಾರಿಯುದ್ದಕ್ಕೂ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಹೋಗು ಎಂದು ಹೇಳಿದವರು ಯಾರು?

ವೈದ್ಯರು ಕಾಲು ಉಳಿಸಲು ಬಹಳ ಹೆಣಗಿದರು. ಆಗಲಿಲ್ಲ. ನಂಜು ಏರತೊಡಗಿದಾಗ ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು ಬದುಕು ಕಟ್ಟಿದ ಮನುಷ್ಯ ಅವರು. ಹೊದಿಕೆಯ ಕೆಳಗೆ ಒಂದು ಕಡೆ ಚಪ್ಪಟೆಯಾಗಿದ್ದನ್ನು ಮೊದಲ ಸಲ ನೋಡಿ ನಾನು ಹೊರಗೆ ಬಂದು ಗೋಡೆಗೆ ಮುಖಮಾಡಿ ಅತ್ತೆ.

ತಂಡದಲ್ಲಿ ವಿಚಾರಣೆ ನಡೆಯಿತು. ಮಾಲೀಕರು, ಸೇಠಿ, ಜೊತೆಗೆ ರೇಸಿಂಗ್ ಸಂಸ್ಥೆಯ ಒಬ್ಬ ಹಿರಿಯ ಅಧಿಕಾರಿ. ಸಮರ್ಥ ಹೇಳಿದ್ದು ಇಷ್ಟೆ: “ಐ ಹರ್ಡ್ ಇಟ್ ಸರ್. ಬಸಣ್ಣ ನೇ ಚಲೋ ಬೋಲಾ. ಕಸಮ್ ಸೇ.” ಬಸಣ್ಣನೇ ಹೊರಡು ಎಂದರು ಎಂದು ಆಣೆ ಮಾಡಿದ. ಉಳಿದ ಚಕ್ರಗಳ ಹುಡುಗರು ತಮಗೆ ಅಂಥದ್ದೇನೂ ಕೇಳಲಿಲ್ಲ ಎಂದರು. ಎಂಜಿನ್ ಸದ್ದಿನಲ್ಲಿ ಅವರಿಗೆ ಕೇಳುವಂತೆಯೂ ಇರಲಿಲ್ಲ. ಆಸ್ಪತ್ರೆಯಲ್ಲಿ ಬಸಣ್ಣ ನೋವಿನ ನಡುವೆಯೂ ಗಟ್ಟಿಯಾಗಿ ಹೇಳಿದರು, ತಾನು ಕಾರು ಬಿಟ್ಟಿಲ್ಲ, ತನ್ನ ಕಾಲು ಚಕ್ರದ ಮುಂದಿರುವಾಗ ಬಿಡಲು ತನಗೇನು ತಲೆ ಕೆಟ್ಟಿತ್ತೇ ಎಂದು. ಕೊನೆಗೆ ನನ್ನನ್ನು ಕೇಳಿದರು. ಅತಿ ಹತ್ತಿರ ಇದ್ದವನು ನಾನೇ. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಬ್ರೇಕ್ ಪೈಪ್ ಬಗ್ಗೆ ಕೇಳಿದೆ, ಸರಿಯಾಗಿದೆ ಎಂದರು, ಹೊರಡಲು ಹೇಳಲಿಲ್ಲ. ಒಂದಕ್ಷರ ಸುಳ್ಳಿರಲಿಲ್ಲ. ನನ್ನ ಮನಸ್ಸಿನಲ್ಲಿ ಉಳಿದಿದ್ದದ್ದು ಅವರ ಮಾತಿನ ಅರ್ಥ, ಅದರ ಸದ್ದಲ್ಲ.

ಅಲ್ಲಿಗೆ ಹುಡುಗನ ಕಥೆ ಮುಗಿಯಿತು. ಅವಸರಗೇಡಿ, ಕಾಯಲಾರದೆ ಕಾರು ಬಿಟ್ಟ, ಈಗ ತಪ್ಪನ್ನು ಬಸಣ್ಣನ ಮೇಲೆ ಹಾಕುತ್ತಿದ್ದಾನೆ ಎಂದು ತೀರ್ಮಾನವಾಯಿತು. ಅವನ ರೇಸಿಂಗ್ ಲೈಸೆನ್ಸ್ ಅಮಾನತ್ತಾಯಿತು. ದಕ್ಷಿಣದ ಓಟಕ್ಕೆ ತಂಡ ಹೋಗಲೂ ಇಲ್ಲ. ಕೆಲವು ವಾರ ಕಳೆದ ಮೇಲೆ ವರ್ಕ್‌ಶಾಪ್‌ಗೆ ಬಂದ ಸಮರ್ಥ ನನ್ನ ಹತ್ತಿರ ನಿಂತು, “ಅಂಕಲ್, ಮೇ ಬಿ ನನಗೇ ಹಾಗೆ ಕೇಳಿಸ್ತೇನೋ. ಈಗ ಗೊತ್ತಾಗ್ತಿಲ್ಲ,” ಎಂದ. ತನ್ನ ಕಿವಿಯನ್ನೇ ನಂಬದ ಸ್ಥಿತಿಗೆ ಅವನು ಬಂದಿದ್ದ. ಲೈಸೆನ್ಸ್ ಹೋದದ್ದಕ್ಕಿಂತ ಅದು ನನಗೆ ಹೆಚ್ಚು ಸಂಕಟ ತಂದಿತು.

ಬಸಣ್ಣ ಅವನ ಮುಖ ನೋಡಲು ಒಪ್ಪಲಿಲ್ಲ. “ಸುಳ್ಳ ಹೇಳ್ತಾನ್ರಿ ಅವ. ಕಾಲ ತಗೊಂಡಿದ್ದಕ್ಕ ಸಿಟ್ಟಿಲ್ಲ ನನಗ. ನಾ ಹೇಳೀನಿ ಅಂತಾನಲ್ಲ, ಅದಕ್ಕ,” ಎನ್ನುತ್ತಿದ್ದರು. ಹುಡುಗನ ತಾಯಿ ವತ್ಸಲಾ ಮಾತ್ರ ಬಿಡದೆ ಊಟ ಕಳಿಸುತ್ತಿದ್ದರು. ಚಾಣಕ್ಯಪುರಿಯ ಹತ್ತಿರ ಅವರ ಕ್ವಾರ್ಟರ್ಸ್. ನಾನು ಹೋಗುವ ದಾರಿಯಲ್ಲಿ ಟಿಫಿನ್ ಡಬ್ಬಿ ಇಸಿದುಕೊಂಡು ಹೋಗುತ್ತಿದ್ದೆ. ಆಸ್ಪತ್ರೆಯ ರಾಜ್ಮಾ ತಿಂದು ಸಾಕಾಗಿದ್ದ ಬಸಣ್ಣ, ಯಾರ ಮನೆಯದು ಎಂದು ಕೇಳದೆ ತಿನ್ನುತ್ತಿದ್ದರು. ಗೊತ್ತಿತ್ತು, ಕೇಳುತ್ತಿರಲಿಲ್ಲ ಅಷ್ಟೆ. ಊರಿಗೆ ಹೋಗುವ ದಿನ ಹತ್ತಿರ ಬಂದಾಗ ಅವರೇ ಅಂದರು, “ಆ ಅವ್ವಾರ್ನ ಒಂದ್ಸಲ ಕರಕೊಂಡ ಬರ್ರಿ. ಕೈ ಮುಗೀಬೇಕು. ಹುಡುಗ ಬಂದ್ರ ಬರ್ಲಿ.”

ಹೀಗೆ ಒಂದು ಮಧ್ಯಾಹ್ನ ಮೂವರೂ ಹೋದೆವು. ವತ್ಸಲಾ ಜೋಳದ ರೊಟ್ಟಿ ಮಾಡಿ ತಂದಿದ್ದರು. ಹಾಸನದವರಿಗೆ ಅದು ರೂಢಿಯಿಲ್ಲದ ಕೆಲಸ. ಯಾರನ್ನೋ ಕೇಳಿ ಕಲಿತಿದ್ದರಂತೆ. ಸಮರ್ಥ ಮಂಚದ ಕಾಲದೆಸೆಯಲ್ಲಿ, ಸ್ಟೂಲಿನ ಅಂಚಿಗೆ ಕೂತಿದ್ದ. ಬಸಣ್ಣ ಅವನ ಕಡೆ ನೋಡಲಿಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟರು.

“ಹೇಗಿದೆ? ನನಗೆ ತಟ್ಟೋಕೆ ಸರಿಯಾಗಿ ಬರಲ್ಲ,” ಎಂದರು ವತ್ಸಲಾ.

“ಚಲೋ ಐತ್ರಿ ಅವ್ವಾರ,” ಎಂದರು ಬಸಣ್ಣ.

ಸಮರ್ಥ ಎದ್ದು ನಿಂತ. ಜಾಕೆಟ್ ಕೈಗೆತ್ತಿಕೊಂಡು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ.

ಬಸಣ್ಣನ ಕೈ ತಟ್ಟೆಯಲ್ಲೇ ನಿಂತಿತು. ಅಷ್ಟು ದಿನಗಳಲ್ಲಿ ಮೊದಲ ಸಲ ಅವನನ್ನು ಮಾತಾಡಿಸಿದರು. “ಯಾಕ ಎದ್ದಿ?”

“ನೀವೇ ಹೇಳಿದ್ರಲ್ಲ, ಚಲೋ ಅಂತ,” ಎಂದ ಹುಡುಗ. ಅವನ ದನಿಯಲ್ಲಿ ತಕರಾರಿರಲಿಲ್ಲ. ಹೊರಡಲು ಹೇಳಿದರು, ಹೊರಟೆ, ಅಷ್ಟೇ ಎಂಬಂತೆ ನಿಂತಿದ್ದ.

“ಅಯ್ಯೋ, ಅದು ಹೋಗು ಅಂತ ಅಲ್ಲ ಕಣೋ. ಅವರ ಕಡೆ ಚಲೋ ಅಂದ್ರೆ ಚೆನ್ನಾಗಿದೆ ಅಂತ,” ಎಂದು ನಕ್ಕರು ವತ್ಸಲಾ. ನಗು ಅರ್ಧಕ್ಕೇ ನಿಂತಿತು. ನಾವು ಮೂವರೂ ನಗದೇ ಇದ್ದದ್ದನ್ನು ನೋಡಿದರು.

ಬಸಣ್ಣ ನನ್ನ ಕಡೆ ತಿರುಗಿದರು. “ಸಾಹೇಬ್ರ, ಅವತ್ತ ಪೈಪ್ ಹೆಂಗೈತಿ ಅಂತ ಕೇಳಿದ್ರಿ ನೀವು. ನಾ ಏನಂದ್ನಿ?”

ನನಗೆ ಅಷ್ಟು ಹೊತ್ತಿಗೆ ಎಲ್ಲ ಹೊಳೆದಿತ್ತು. ಆ ಮಾತು ಅವರ ದನಿಯಲ್ಲೇ ನನ್ನ ಕಿವಿಗೆ ಮರಳಿ ಬಂದಿತ್ತು. ಒಂದು ಕಾಲಿಲ್ಲದೆ ಮಲಗಿದ ಮನುಷ್ಯನಿಗೆ ಅದನ್ನು ಹೇಗೆ ಹೇಳುವುದು? “ಸರಿಯಿದೆ ಅಂದಿರಿ,” ಎಂದೆ.

“ಸರಿಯಿದೆ ಅನ್ನಾವ ಏನ್ರಿ ನಾನು? ಇಷ್ಟ ವರ್ಷದಾಗ ಒಮ್ಮೆರ ಅಂದೀನೇನು?”

ನಾನು ತಲೆ ತಗ್ಗಿಸಿದೆ. ಅದೇ ಅವರಿಗೆ ಉತ್ತರವಾಯಿತು. ತಟ್ಟೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಸಮರ್ಥನ ಕಡೆ ಕೈ ಚಾಚಿ, “ಬಾರಪಾ, ಕೂಡು. ನಾನಽ ಬಿಟ್ಟೀನಿ ಕಾರು. ನೀ ಕೇಳಿದ್ದು ಖರೇ ಐತಿ,” ಎಂದರು. ಹುಡುಗ ಅವರ ಮಂಚದ ಅಂಚಿಗೆ ಹಣೆಯೂರಿ ಅತ್ತ. ತನ್ನ ಕಿವಿ ಸರಿಯಿದೆ ಎಂದು ತಿಳಿದ ಸಮಾಧಾನವೋ, ತಾನೇ ಹಾಯಿಸಿದ ಚಕ್ರದ ನೆನಪೋ, ಅವನಿಗೂ ಗೊತ್ತಿರಲಿಕ್ಕಿಲ್ಲ. ವತ್ಸಲಾ ಅವನ ಬೆನ್ನು ಸವರುತ್ತ ನಿಂತರು.

ಬಸಣ್ಣ ಅಂದೇ ಸೇಠಿಯನ್ನು ಆಸ್ಪತ್ರೆಗೆ ಕರೆಸಿದರು. ಚಲೋ ಎಂದು ಹೇಳಿದ್ದು ತಾನೇ, ಹುಡುಗನ ತಪ್ಪಿಲ್ಲ ಎಂದರು. ನಾನು ಎರಡು ಭಾಷೆಯ ಸಂಗತಿಯನ್ನು ಬಿಡಿಸಿ ಹೇಳಿದೆ. ಸೇಠಿ ಎರಡೂ ಕೈಯಲ್ಲಿ ತಲೆ ಹಿಡಿದು ಕೂತರು. ಲೈಸೆನ್ಸ್ ಮರಳಿ ಬಂತು, ಮಾಲೀಕರು ಹುಡುಗನನ್ನು ಕರೆದು ವಿಷಾದ ಹೇಳಿದರು.

ಆದರೆ ಅವನ ಓಟ ಮರಳಲಿಲ್ಲ. ನಾವು ಮತ್ತೆ ಆ ಸುಣ್ಣದ ಗೆರೆಯ ಹತ್ತಿರ ಅಭ್ಯಾಸಕ್ಕೆ ನಿಂತಾಗ ನಾನೇ ರೇಡಿಯೋದಲ್ಲಿ ‘ಗೋ’ ಎಂದೆ. ಕಾರು ಅಲ್ಲಾಡಲಿಲ್ಲ. ಮತ್ತೊಮ್ಮೆ ಎಂದೆ. “ಪಕ್ಕಾ, ಅಂಕಲ್? ಎಲ್ಲರೂ ಎದ್ದಿದ್ದಾರಾ?” ಎಂದು ಕೇಳಿದ. ಪ್ರತಿ ಸಲವೂ ಕೇಳಿದ. ಕಾರನ್ನು ಹಿಂಸಿಸದ ಆ ಕಾಲು ಕ್ಲಚ್‌ನಿಂದ ಏಳಲು ಒಪ್ಪಲಿಲ್ಲ. ಕೊನೆಗೆ ಅವನೇ ಇಳಿದು, ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟು, ಇನ್ನು ಸಾಕು ಎಂದ. ಈಗ ಅವನು ಒಂದು ಕಂಪನಿಯ ಆಫೀಸಿನಲ್ಲಿದ್ದಾನೆ. ಕೆಲಸಕ್ಕೆ ಮೆಟ್ರೋದಲ್ಲಿ ಹೋಗುತ್ತಾನೆ.

ಬಸಣ್ಣ ಊರಿಗೆ ಹೊರಟ ದಿನ ನಿಜಾಮುದ್ದೀನ್ ಸ್ಟೇಷನ್ನಿಗೆ ನಾವೆಲ್ಲ ಹೋಗಿದ್ದೆವು. ಕರೆದೊಯ್ಯಲು ಅವರ ತಮ್ಮ ಬಂದಿದ್ದರು. ಗಾಲಿಕುರ್ಚಿಯನ್ನು ಪ್ಲಾಟ್‌ಫಾರ್ಮ್ ಉದ್ದಕ್ಕೂ ತಳ್ಳಿದವನು ಸಮರ್ಥ. ಬೋಗಿಯೊಳಗೆ ಎತ್ತಿ ಕೂರಿಸಿದವನೂ ಅವನೇ. ಕೂರಿಸಿ, ಪಕ್ಕದಲ್ಲೇ ಕೂತ. ರೈಲು ಹೊರಡುವ ಹೊತ್ತಾಯಿತು, ನಾವೆಲ್ಲ ಇಳಿದೆವು. ಅವನು ಏಳಲಿಲ್ಲ. ಕಿಟಕಿಯಿಂದ ನಾನು ಕರೆದೆ, ಕೇಳದವನಂತೆ ಕೂತಿದ್ದ. ಬಸಣ್ಣ ಅವನನ್ನೊಮ್ಮೆ ನೋಡಿದರು. ಕೈಯೆತ್ತಿ, ಅಂಗೈಯಿಂದ ಅವನ ಬೆನ್ನಿನ ಮೇಲೆ ಎರಡು ಸಲ ಬಡಿದರು. ಹುಡುಗ ಎದ್ದು ಇಳಿದು ಬಂದ.

ಆಮೇಲೆ ನಾನು ಇನ್ನೂ ಹಲವು ತಂಡಗಳಲ್ಲಿ, ಇದಕ್ಕಿಂತ ಎಷ್ಟೋ ಒಳ್ಳೆಯ ರೇಡಿಯೋಗಳ ನಡುವೆ ಕೆಲಸ ಮಾಡಿದೆ. ಹೊಸ ತಂಡ ಸೇರಿದ ದಿನ ಸ್ಪ್ಯಾನರ್ ಹಿಡಿಯುವ ಮೊದಲು ಒಬ್ಬೊಬ್ಬರನ್ನೂ ಕರೆದು, ನಿಮ್ಮ ಮನೆಯಲ್ಲಿ ಯಾವ ಭಾಷೆ ಎಂದು ಕೇಳುತ್ತಿದ್ದೆ. ಮುದುಕನಿಗೆ ಇದೇನು ಜನಗಣತಿಯ ಹುಚ್ಚು ಎಂದು ಹುಡುಗರು ನಗುತ್ತಿದ್ದರು. ನಗಲಿ. ಕಾರು ಮಾತ್ರ ನನ್ನ ಪಿಟ್‌ನಿಂದ ಮಾತಿನ ಮೇಲೆ ಹೊರಡಲಿಲ್ಲ, ಛಾವಣಿಯ ಮೇಲಿನ ಎರಡು ಬಡಿತದ ಮೇಲೇ ಹೊರಟಿತು. ಒಬ್ಬ ಆಡಿದ ಮಾತು ಇನ್ನೊಬ್ಬನಿಗೆ ತಲುಪುವುದು ಅವನವನ ಮನೆಯ ಭಾಷೆಯಲ್ಲಿ. ಯಂತ್ರಗಳ ನಡುವೆ ನಿಂತವರು ಅದನ್ನು ಮೊದಲೇ ತಿಳಿದಿರಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು. ಕಲಿತದ್ದು ಮಾತ್ರ ಬಸಣ್ಣನ ಕಾಲಿನ ಮೇಲೆ.

ಹಬ್ಬಹುಣ್ಣಿಮೆಗೆ ಅವರಿಗೆ ಫೋನ್ ಮಾಡುತ್ತೇನೆ. ಕೃತಕ ಕಾಲು ಹಾಕಿಕೊಂಡು ಓಡಾಡುತ್ತಾರೆ, ಪಂಪ್‌ಸೆಟ್ಟು ರಿಪೇರಿ ಮಾಡುತ್ತಾರೆ, ನನ್ನ ಮೈಸೂರು ಕನ್ನಡವನ್ನು ಈಗಲೂ ಆಡಿಕೊಳ್ಳುತ್ತಾರೆ. “ಹೇಗಿದ್ದೀರಿ ಬಸಣ್ಣ?” ಎಂದು ಮೊದಲಿನ ಹಾಗೆಯೇ ಕೇಳುತ್ತೇನೆ.

“ಅದೀನ್ರಿ,” ಎನ್ನುತ್ತಾರೆ. ಅದಕ್ಕೆ ಮೊದಲು ಬರುತ್ತಿದ್ದ ಆ ಒಂದು ಮಾತನ್ನು ಅವರು ಮತ್ತೆ ಆಡಿಲ್ಲ.